ನಡುಗಡ್ಡೆ ಊರಿನವರು ನಿಯಮವನ್ನೇ ಬದಲಿಸಿ ಎಂದು ಕೇಳುವುದು ಹೇಗೆ?

ಹೊಳೆ ಬಂದಾಗ ಕಾಳಜಿ ಕೇಂದ್ರ, ಇಳಿದ ಮೇಲೆ ಪಂಚನಾಮೆ, ಆಮೇಲೆ ಪರಿಹಾರಕ್ಕೆ ಓಡಾಟ. ಜಮಖಂಡಿ ತಾಲ್ಲೂಕಿನ ಮುತ್ತೂರಿನಂಥ ನಡುಗಡ್ಡೆಯವರಿಗೆ, ಚಿಕ್ಕೋಡಿ, ಅಥಣಿ ಕಡೆಯ ಹೊಳೆದಂಡೆಯವರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿಲ್ಲ. ಪರಿಹಾರದ, ಸ್ಥಳಾಂತರದ ನಿಯಮವನ್ನೇ ಬದಲಿಸಿ ಅಂತ ಸರ್ಕಾರವನ್ನು ಕೇಳುವ ದಾರಿ ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಮೊದಲು ಲೆಕ್ಕ ನೋಡಿ. ಕೃಷ್ಣಾ ಹೊಳೆಯ ಆಲಮಟ್ಟಿ ಡ್ಯಾಂ ಎತ್ತರಿಸಿದರೆ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ಅಂತ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಅದೇ ಹೊಳೆ ದಿಕ್ಕು ಬದಲಿಸಿ ಹೊಲ ಕೊಚ್ಚಿಕೊಂಡು ಹೋದರೆ? 2022–26ರ ವಿಪತ್ತು ಪರಿಹಾರ ನಿಧಿಯ ದರ ಹೆಕ್ಟೇರಿಗೆ 47 ಸಾವಿರ, ಅಂದರೆ ಎಕರೆಗೆ ಸುಮಾರು 19 ಸಾವಿರ. ಅದೂ ಸಣ್ಣ, ಅತಿಸಣ್ಣ ರೈತರಿಗೆ ಮಾತ್ರ, ಉತಾರ (ಪಹಣಿ) ಸರಿ ಇದ್ದರೆ. ಒಂದು ಭೂಸ್ವಾಧೀನ, ಇನ್ನೊಂದು ತುರ್ತು ನೆರವು, ಎರಡನ್ನೂ ಹೋಲಿಸಬೇಡಿ ಅಂತಾರೆ ಸಾಹೇಬರು. ಮಾತು ಸರಿ. ಆದರೆ ಹೊಲ ಕಳೆದುಕೊಂಡವನಿಗೆ ಎರಡೂ ಒಂದೇ ಅಲ್ವಾ? ಡ್ಯಾಂ ನೀರಿಗೆ ಮುಳುಗಿದವನ ಹಿಂದೆ 2013ರ ಭೂಸ್ವಾಧೀನ ಕಾಯ್ದೆ ಇದೆ, ನೆರೆಗೆ ಮುಳುಗಿದವನ ಹಿಂದೆ ಆಯಾ ಕಾಲದ ಸರ್ಕಾರಿ ಆದೇಶ ಇದೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿದರು. ಮುಂದಿನ ನೆರೆಗೂ ಅಷ್ಟೇ ಕೊಡಬೇಕು ಅಂತ ಯಾವ ಕಾಯ್ದೆಯೂ ಹೇಳುವುದಿಲ್ಲ. ಅರ್ಜಿಯ ಮೊದಲ ಪ್ಯಾರಾದಲ್ಲಿ ಇದೇ ಇರಲಿ.

ಇನ್ನು ಏನು ಕೇಳಬೇಕು. ಇಲ್ಲಿ ಸಮುದ್ರ ದ್ವೀಪಗಳವರಿಂದ ಧಾರಾಳವಾಗಿ ಕಡ ತರಬಹುದು. ಫಿಜಿಯಲ್ಲಿ 2014ರಲ್ಲಿ ವುನಿಡೊಗೊಲೊವಾ ಅನ್ನುವ ಊರನ್ನು ದಂಡೆಯಿಂದ ಸುಮಾರು 2 ಕಿ.ಮೀ. ಒಳಗೆ ಎತ್ತಿ ಕೂರಿಸಿದರು. ಆಮೇಲೆ 2018ರಲ್ಲಿ ಸ್ಥಳಾಂತರಕ್ಕೆ ಮಾರ್ಗಸೂಚಿ ಬರೆದರು: ಊರು ಎತ್ತುವುದು ಕಟ್ಟಕಡೆಯ ದಾರಿ, ಜನ ಒಪ್ಪಲೇಬೇಕು. 2019ರಲ್ಲಿ ಸ್ಥಳಾಂತರಕ್ಕೆಂದೇ ಕಾಯ್ದೆ ಮಾಡಿ ಬೇರೆ ನಿಧಿ ಇಟ್ಟರು. ನಮ್ಮಲ್ಲಿ ನಿವೇಶನ ಕೊಟ್ಟು ಕೈತೊಳೆದುಕೊಂಡದ್ದೇ ಜಾಸ್ತಿ. ಹೊಲ ಒಂದು ಕಡೆ, ಪುನರ್ವಸತಿ ಕೇಂದ್ರ ಇನ್ನೊಂದು ಕಡೆ ಆದರೆ ಎಮ್ಮೆ ಕಟ್ಟಿಕೊಂಡವರು ಅಲ್ಲಿ ಹೇಗೆ ಇರಬೇಕು?

ನಾನಾದರೆ ಹೀಗೆ ಬರೆಯುತ್ತೇನೆ. ಗ್ರಾಮಸಭೆ ಒಪ್ಪದೆ ಊರು ಎತ್ತಬಾರದು. ಎತ್ತಿದರೆ ಇಡೀ ಊರನ್ನು ಒಟ್ಟಿಗೆ ಎತ್ತಬೇಕು, ತೋಟದ ಮನೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಬರಬೇಕು. ದನ ಕಟ್ಟಲು, ಕಣಿಕೆ ಬಣವಿ ಒಟ್ಟಲು ಜಾಗ ಬೇಕು. ಬಿಟ್ಟು ಬಂದ ಹೊಲದ ಮೇಲಿನ ಹಕ್ಕು ಹಾಗೇ ಉಳಿಯಬೇಕು. ಜೊತೆಗೆ ಹೊಳೆದಂಡೆ ಕೊರೆತವನ್ನೂ ವಿಪತ್ತು ಅಂತ ಘೋಷಿಸಿ ಅಂತ ಕೇಳಿ. ಕೇಂದ್ರದ ಪಟ್ಟಿಯಲ್ಲಿ ನೆರೆ, ಬರ, ಆಲಿಕಲ್ಲು ಎಲ್ಲ ಇವೆ, ಇದಿಲ್ಲ. 15ನೇ ಹಣಕಾಸು ಆಯೋಗ ಕೊರೆತದಿಂದ ಮನೆಮಠ ಕಳೆದುಕೊಂಡವರ ಪುನರ್ವಸತಿಗೆ ದೇಶಕ್ಕೆಲ್ಲ 1,000 ಕೋಟಿ ತೆಗೆದಿಡಲು ಹೇಳಿತ್ತು, ಅದನ್ನೂ ಉಲ್ಲೇಖಿಸಿ.

ಕಾನೂನಿನ ಬಲಕ್ಕೆ ಎರಡು ಸಾಲು ಸಾಕು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಸಂವಿಧಾನದ 14 ಮತ್ತು 21ನೇ ವಿಧಿಯಡಿ ಹಕ್ಕು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ಹೇಳಿದೆ. ಹವಾಮಾನ ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಜುಲೈ 23ರಂದು ಅಭಿಪ್ರಾಯ ಕೊಟ್ಟಿದೆ. (ಅಂದಹಾಗೆ, ಅದನ್ನು ಶುರು ಮಾಡಿದ್ದು 2019ರಲ್ಲಿ ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು. ನಿಮ್ಮೂರಿನ ಎಲ್‌ಎಲ್‌ಬಿ ಹುಡುಗರಿಗೆ ಹೇಳಿ.)

ದಾಖಲೆ ಈಗಲೇ ಸೇರಿಸಿ, ಹೊಳೆ ಬಂದಾಗ ಅಲ್ಲ. ಉತಾರ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ತಲಾಠಿ (ಗ್ರಾಮ ಆಡಳಿತಾಧಿಕಾರಿ) ಹತ್ತಿರ ಹೋಗಿ ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಿ. ನೀರು ಏರಿದ ಮಟ್ಟಕ್ಕೆ ಗೋಡೆಯ ಮೇಲೆ ಪೇಂಟಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ, ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಕಾಣುವಂತೆ ಅದರ ಫೋಟೊ ತೆಗೆಯಿರಿ. ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಊರ ಕಥೆಯೆಲ್ಲ ಬರೆದರೆ ವಾಪಸ್ ಬರುತ್ತದೆ. ಆ ಯೋಜನೆಯಲ್ಲಿ ನಿಮ್ಮೂರಿನ ಹೆಸರೇ ಇಲ್ಲದಿದ್ದರೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಆಮೇಲೆ ಗ್ರಾಮಸಭೆಯಲ್ಲಿ ಠರಾವು. ಸುಮ್ನೆ ಚರ್ಚೆ ಆಯಿತು ಅಂತ ಬರೆದರೆ ಆಗುವುದಿಲ್ಲ, ಬೇಡಿಕೆಗಳನ್ನು ಒಂದೊಂದಾಗಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಇರುವ ನಕಲು ತಗೊಳ್ಳಿ. ಕೋರಂ ತುಂಬಿಸುವುದೇ ಕಷ್ಟ, ಕಬ್ಬು ಕಟಾವಿನ ಸಮಯದಲ್ಲಿ ಸಭೆ ಇಟ್ಟುಕೊಳ್ಳಬೇಡಿ. ನಕಲನ್ನು ಜಿಲ್ಲಾಧಿಕಾರಿಗೂ ಕಂದಾಯ ಇಲಾಖೆಗೂ ಕೊಟ್ಟು ಇನ್‌ವರ್ಡ್ ನಂಬರ್ ಬರೆಸಿಕೊಳ್ಳಿ.

ಕೊನೆಗೆ ಶಾಸಕರು. ಬೆಳಗಾವಿ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಆಗ ಹೋಗಿ ಟೆಂಟ್ ಹಾಕಿದರೆ ಮಂತ್ರಿ ಬಂದು ಮನವಿ ತಗೊಂಡು ಹೋಗುತ್ತಾರೆ, ಅಷ್ಟೇ. ನವೆಂಬರ್ ಮೊದಲ ವಾರದಲ್ಲೇ ಶಾಸಕರನ್ನು ಹಿಡಿದು, ಇದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ (ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆ) ಕೇಳಿಸಿ. ಸಚಿವರು ಸದನದಲ್ಲಿ ಕೊಟ್ಟ ಉತ್ತರ ಕಡತಕ್ಕೆ ಸೇರುತ್ತದೆ, ಮುಂದಿನ ಅರ್ಜಿಗೆ ಅದನ್ನೇ ಲಗತ್ತಿಸಬಹುದು.