ಹುಲ್ಲಿನ ಪರಾಗ ಎಣಿಸುತ್ತಾ ಕಲಿತದ್ದು

ಮೊದಲ ವರ್ಷ ನಾನು ಬರೆದಿಟ್ಟ ಲೆಕ್ಕವೆಲ್ಲ ನಿಜಕ್ಕಿಂತ ಜಾಸ್ತಿ ಇತ್ತು. ಗೊತ್ತಾಗಿದ್ದು ಹುಲ್ಲು ಹೂಬಿಡುವ ಕಾಲ ಮುಗಿದ ಮೇಲೆ.

ಗಾಳಿಯಲ್ಲಿ ತೇಲುವ ಪರಾಗ ಹಿಡಿಯಲು ನಾನು ಬಳಸುವುದು ಹರ್ಸ್ಟ್ ಮಾದರಿಯ ಯಂತ್ರ. ಜೆ.ಎಂ. ಹರ್ಸ್ಟ್ 1952ರಲ್ಲಿ ರೂಪಿಸಿದ್ದು, ಇವತ್ತಿಗೂ ಜಗತ್ತಿನ ಎಷ್ಟೋ ನಗರಗಳ ತಾರಸಿಗಳ ಮೇಲೆ ಇದೇ ಕೂತಿರುತ್ತದೆ. ಸಣ್ಣ ಸೀಳಿನ ಮೂಲಕ ನಿಮಿಷಕ್ಕೆ 10 ಲೀಟರ್ ಗಾಳಿ ಎಳೆಯಬೇಕು. ಒಳಗೆ ಅಂಟು ಬಳಿದ ಟೇಪ್ ಸುತ್ತಿದ ಡ್ರಮ್ ಇದೆ, ಅದು ಗಂಟೆಗೆ 2 ಮಿ.ಮೀ. ಸರಿಯುತ್ತದೆ. ವಾರಕ್ಕೊಮ್ಮೆ ಟೇಪ್ ಬಿಚ್ಚಿ, ದಿನಕ್ಕೆ 48 ಮಿ.ಮೀ.ನಂತೆ ಕತ್ತರಿಸಿ, ಸ್ಲೈಡ್ ಮೇಲಿಟ್ಟು ಫುಕ್ಸಿನ್ ಬಣ್ಣ ಹಾಕುತ್ತೇನೆ. ಪರಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹುಲ್ಲಿನ ಕಣ ಗುರುತಿಸುವುದು ಸುಲಭ: ದುಂಡಗೆ, ಒಂದೇ ರಂಧ್ರ, ರಂಧ್ರದ ಸುತ್ತ ಉಬ್ಬಿದ ಉಂಗುರ. ಆದರೆ ಯಾವ ಹುಲ್ಲು ಅಂತ ಕೇಳಿದರೆ ಸೂಕ್ಷ್ಮದರ್ಶಕ ಹೇಳುವುದಿಲ್ಲ. ನೂರಾರು ಜಾತಿಗಳ ಪರಾಗ ನೋಡಲು ಹೆಚ್ಚುಕಡಿಮೆ ಒಂದೇ ಥರ.

ಇಡೀ ಸ್ಲೈಡ್ ಎಣಿಸಲು ಆಗಲ್ಲ. ಉದ್ದಕ್ಕೆ ನಾಲ್ಕು ಸಾಲು ಎಣಿಸುತ್ತೇನೆ. ನನ್ನ ಲೆನ್ಸಿನಲ್ಲಿ ಕಾಣುವ ಅಗಲ 0.5 ಮಿ.ಮೀ., ಟೇಪಿನ ಮೇಲೆ ಪರಾಗ ಬೀಳುವ ಅಗಲ 14 ಮಿ.ಮೀ. ಅಂದರೆ ನಾನು ನೋಡುವುದು ಏಳರಲ್ಲಿ ಒಂದು ಪಾಲು. ದಿನಕ್ಕೆ ಒಳಬರುವ ಗಾಳಿ 14.4 ಘನ ಮೀಟರ್. ಹಾಗಾಗಿ ಎಣಿಸಿದ ಸಂಖ್ಯೆಯನ್ನು 0.49ರಿಂದ ಗುಣಿಸಿದರೆ ಒಂದು ಘನ ಮೀಟರಿಗೆ ಎಷ್ಟು ಕಣ ಅಂತ ಸಿಗುತ್ತದೆ.

ಈ ಲೆಕ್ಕವೆಲ್ಲ ನಿಂತಿರುವುದು ಆ 10 ಲೀಟರ್ ಮೇಲೆ. ನಾನು ಪ್ರತಿ ವಾರ ಗಾಳಿಯ ಹರಿವು ಅಳೆಯುವ ಫ್ಲೋಮೀಟರ್ ಸಿಕ್ಕಿಸಿ, ಗುಂಡು 10ಕ್ಕೆ ಬರುವಂತೆ ತಿರುಗಿಸಿ, ಮೀಟರ್ ತೆಗೆದು ಇಳಿದು ಬರುತ್ತಿದ್ದೆ. ಆ ಮೀಟರ್ ತಾನೇ ಗಾಳಿಗೆ ಅಡ್ಡ ನಿಲ್ಲುತ್ತದೆ ಅಂತ ಯೋಚಿಸಿರಲಿಲ್ಲ. ಅದನ್ನು ತೆಗೆದ ಕ್ಷಣ ಯಂತ್ರ ಜಾಸ್ತಿ ಎಳೆಯುತ್ತದೆ. ಗಾಳಿಗೆ ತಡೆ ಒಡ್ಡದ ಎಲೆಕ್ಟ್ರಾನಿಕ್ ಮೀಟರಿನಿಂದ ಅಳೆದಾಗ 12.5 ಬಂತು. ನನ್ನ ಅಂಕಿಗಳೆಲ್ಲ ಕಾಲು ಭಾಗ ಉಬ್ಬಿದ್ದವು. ಆ ವರ್ಷದ ಪುಸ್ತಕ ಮತ್ತೆ ತೆರೆದು ಪ್ರತಿ ದಿನದ ಸಂಖ್ಯೆ ತಿದ್ದಿದೆ. ಬೇಜಾರಾಯಿತು ನಿಜ, ಆದರೆ ಆ ಸಂಖ್ಯೆ ನೋಡಿ ಪರಾಗದ ಅಲರ್ಜಿ ಇರುವ ಯಾರೋ ಔಷಧಿ ತೆಗೆದುಕೊಳ್ಳುತ್ತಾರೆ ಅಲ್ವಾ?

ಎರಡನೇ ವರ್ಷ ಇನ್ನೊಂದು ವಿಷಯ ಕಾಡತೊಡಗಿತು. ಮಳೆ ಬಂದ ದಿನ ಎಣಿಕೆ ಕೆಳಗಿಳಿಯುತ್ತದೆ. ಆದರೂ ಅದೇ ದಿನ ಕೆಲವರಿಗೆ ಉಸಿರು ಕಟ್ಟುತ್ತದೆ. ಪರಾಗದ ಕಣ ನೀರು ಕುಡಿದು ಒಡೆದರೆ ಒಳಗಿನ ಸಣ್ಣ ಪಿಷ್ಟದ ಚೂರುಗಳು ಹೊರಬರುತ್ತವೆ. ಅವು ಕೆಲವೇ ಮೈಕ್ರಾನ್ ಗಾತ್ರದವು, ಅಲರ್ಜಿ ತರುವ ಪ್ರೋಟೀನ್ ಹೊತ್ತು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇಡೀ ಪರಾಗ ಮೂಗಿನಲ್ಲೇ ನಿಲ್ಲುತ್ತದೆ, ಇವು ನಿಲ್ಲುವುದಿಲ್ಲ. 2016ರ ನವೆಂಬರ್ 21ರಂದು ಮೆಲ್ಬರ್ನ್‌ನಲ್ಲಿ ಗುಡುಗು ಮಳೆಯ ನಂತರ ಸಾವಿರಾರು ಜನ ಆಸ್ಪತ್ರೆಗೆ ಓಡಿದರು, 10 ಜನ ತೀರಿಕೊಂಡರು. ಅಲ್ಲಿದ್ದದ್ದು ರೈ ಹುಲ್ಲಿನ ಪರಾಗ. ಈ ಚೂರುಗಳು ನನ್ನ ಸ್ಲೈಡಿನಲ್ಲಿ ಎಣಿಕೆಗೆ ಸಿಗುವುದೇ ಇಲ್ಲ.

ಹಾಗಾಗಿ ಪಕ್ಕದಲ್ಲೇ ಇನ್ನೊಂದು ಯಂತ್ರ ಇಟ್ಟೆ. ನಿಮಿಷಕ್ಕೆ 800 ಲೀಟರ್ ಎಳೆದು, 10 ಮೈಕ್ರಾನ್‌ಗಿಂತ ದೊಡ್ಡದನ್ನು ಒಂದು ಫೋಮ್ ಮೇಲೆ, 2.5ರಿಂದ 10ರವರೆಗಿನದನ್ನು ಇನ್ನೊಂದರ ಮೇಲೆ ಹಿಡಿಯುತ್ತದೆ. ಫೋಮನ್ನು ದ್ರಾವಣದಲ್ಲಿ ನೆನೆಸಿ ಪ್ರೋಟೀನ್ ಬಿಡಿಸಿ, ಎಲೈಸಾ ಪರೀಕ್ಷೆಯಲ್ಲಿ (ಪ್ರತಿಕಾಯ ಬಳಸಿ ಒಂದು ನಿರ್ದಿಷ್ಟ ಪ್ರೋಟೀನನ್ನು ಹಿಡಿದು ಅಳೆಯುವ ವಿಧಾನ) ಅಳೆಯುತ್ತೇನೆ. ಗಾಳಿ ಎಳೆಯದ ಖಾಲಿ ಫೋಮ್ ಒಂದನ್ನು ಪ್ರತಿ ಸಲ ಜೊತೆಗೇ ನೆನೆಸಿ. ಅದಿಲ್ಲದೆ ಸಣ್ಣ ಅಂಕಿಗಳನ್ನು ನಂಬಬೇಡಿ.

ದಿನದಿನದ ಪರಾಗದ ಎಣಿಕೆ, ಪ್ರೋಟೀನಿನ ಅಳತೆ ಎರಡನ್ನೂ ಒಂದೇ ಹಾಳೆಯ ಮೇಲೆ ಇಟ್ಟಾಗ ನನಗೆ ಅನ್ನಿಸಿದ್ದು: ಹೆಚ್ಚಿನ ದಿನ ಎರಡೂ ಜೊತೆಗೇ ಏರಿಳಿಯುತ್ತವೆ, ಆದರೆ ಒಂದೇ ಎಣಿಕೆಯ ಎರಡು ದಿನಗಳಲ್ಲಿ ಪ್ರೋಟೀನ್ ಒಂದೇ ಇರಬೇಕೆಂದಿಲ್ಲ. ಒಂದು ದಿನದ ಪರಾಗ ಬೇರೆ ದಿನದ ಪರಾಗಕ್ಕಿಂತ ಖಾರ.

ಇಲ್ಲೂ ಒಮ್ಮೆ ಎಡವಿದೆ. ಹುಲ್ಲಿನ ಅಲರ್ಜಿ ಪ್ರೋಟೀನುಗಳನ್ನು ಗುಂಪು ಮಾಡಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ನಾನು ತರಿಸಿದ್ದು ಟಿಮೊಥಿ ಹುಲ್ಲಿನ ಗುಂಪು 5ರ ಪ್ರೋಟೀನ್ ಹಿಡಿಯುವ ಕಿಟ್. ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಎಣಿಕೆ ಮೇಲಿದ್ದರೂ ಪ್ರೋಟೀನ್ ಏನೂ ಇಲ್ಲ ಅನ್ನತೊಡಗಿತು. ಕಿಟ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಎರಡು ವಾರ ಕಳೆದೆ. ಕೊನೆಗೆ ಯಂತ್ರದ ಸುತ್ತ ನಡೆದು ನೋಡಿದರೆ ಎಲ್ಲೆಲ್ಲೂ ಗರಿಕೆ ಹೂಬಿಟ್ಟಿತ್ತು. ಗರಿಕೆಯಲ್ಲಿ ಗುಂಪು 5 ಇರುವುದೇ ಇಲ್ಲ. ಗುಂಪು 1 ಮಾತ್ರ ಅದರಲ್ಲೂ ಇದೆ, ಬೇರೆ ಹುಲ್ಲುಗಳಲ್ಲೂ ಇದೆ. ಈಗ ಕಿಟ್ ತರಿಸುವ ಮೊದಲು ಪಾರ್ಕು, ರಸ್ತೆ ಬದಿ, ಖಾಲಿ ಜಾಗಗಳಲ್ಲಿ ಒಂದು ಸುತ್ತು ಹೋಗಿ, ಯಾವ ಹುಲ್ಲು ತೆನೆ ಬಿಟ್ಟಿದೆ ಅಂತ ಬರೆದುಕೊಂಡು ಬರುತ್ತೇನೆ.