ಅಟಕಾಮಾದಲ್ಲಿ ಐದು ರಾತ್ರಿ, ನಾನು ಮಾಡಿದ ಎರಡು ತಪ್ಪು

ಲಾಡ್ಜ್ ಅಂದ ಕೂಡಲೇ ಬಸ್ ಸ್ಟ್ಯಾಂಡ್ ಪಕ್ಕದ ರೂಮು ನೆನಪಾಗುತ್ತದೆ ಅಲ್ವಾ? ನಾನು ಇದ್ದದ್ದು ಬೇರೆ ಥರದ್ದು. ಉತ್ತರ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, ಸಾನ್ ಪೆದ್ರೋ ಊರಿನ ಹೊರಗೆ. ಮಣ್ಣಿನ ದಪ್ಪ ಗೋಡೆಗಳು. ರೂಮಿನಲ್ಲಿ ಟಿವಿ ಇಲ್ಲ. ಕಿಟಕಿ ತುಂಬ ಲಿಕಾಂಕಾಬುರ್ ಜ್ವಾಲಾಮುಖಿ, 5,916 ಮೀಟರ್. ಊಟ, ಗೈಡ್, ಗಾಡಿ, ನೂರು ಕಿ.ಮೀ. ದೂರದ ಕಲಾಮಾ ವಿಮಾನ ನಿಲ್ದಾಣದಿಂದ ಪಿಕಪ್, ಎಲ್ಲ ಒಂದೇ ಬಿಲ್ಲಿನಲ್ಲಿ. ಬಿಲ್ಲು ದೊಡ್ಡದೇ. ವಿದೇಶಿಯರು ಡಾಲರ್‌ನಲ್ಲಿ ಕಟ್ಟಿ, ಪಾಸ್‌ಪೋರ್ಟ್ ಜೊತೆಗೆ ದೇಶದೊಳಗೆ ಬರುವಾಗ ಕೊಟ್ಟ ಚೀಟಿ ತೋರಿಸಿದರೆ ವಸತಿ ಮೇಲಿನ ಶೇ. 19 ತೆರಿಗೆ ಬೀಳುವುದಿಲ್ಲ. ಆ ಚೀಟಿಯನ್ನು ಕಸ ಅಂದುಕೊಂಡು ಎಸೆಯಬೇಡಿ.

ಇಲ್ಲಿ ದಿನ ಶುರುವಾಗುವುದು ಹಿಂದಿನ ಸಂಜೆಯೇ. ಗೈಡ್ ಬಂದು ಮೇಜಿನ ಮೇಲೆ ನಕ್ಷೆ ಹರಡುತ್ತಾನೆ. ನಾಳೆ ನಡಿಗೆಯೋ, ಸೈಕಲ್ಲೋ, ಕುದುರೆಯೋ ಕೇಳುತ್ತಾನೆ. ನಾನು ನೋಡುತ್ತಿದ್ದದ್ದು ದೂರವನ್ನು. ಅವನು ನೋಡುತ್ತಿದ್ದದ್ದು ಎತ್ತರವನ್ನು. ಸಾನ್ ಪೆದ್ರೋ ಇರುವುದೇ ಸುಮಾರು 2,400 ಮೀಟರ್ ಮೇಲೆ. "ಮೊದಲೆರಡು ದಿನ ಕೆಳಗೇ ಸುತ್ತಾಡಿ. ಚಂದ್ರ ಕಣಿವೆ, ಉಪ್ಪಿನ ಬಯಲಿನ ಫ್ಲೆಮಿಂಗೋ ನೋಡಿ. ತಾತಿಯೊ ಕೊನೆಗಿಟ್ಟುಕೊಳ್ಳಿ" ಅಂದ.

ನಾನು ಕೇಳಲಿಲ್ಲ. ಇಷ್ಟು ದುಡ್ಡು ಕೊಟ್ಟು ಬಂದಿದ್ದೇನೆ, ದೊಡ್ಡದನ್ನೇ ಮೊದಲು ನೋಡೋಣ ಅನ್ನುವ ಹಟ.

ಎಲ್ ತಾತಿಯೊ ಅಂದರೆ ಬಿಸಿನೀರು ಚಿಮ್ಮುವ ಬುಗ್ಗೆಗಳ ಬಯಲು, ಸುಮಾರು 4,300 ಮೀಟರ್ ಎತ್ತರದಲ್ಲಿ. ಸೂರ್ಯ ಹುಟ್ಟುವ ಮೊದಲೇ ಅಲ್ಲಿರಬೇಕು, ಯಾಕೆಂದರೆ ಗಾಳಿ ಕೊರೆಯುವಷ್ಟು ತಣ್ಣಗಿದ್ದಾಗಲೇ ಹಬೆ ಕಂಬದ ಹಾಗೆ ಎದ್ದು ನಿಲ್ಲುವುದು. ಎರಡನೇ ದಿನವೇ ಬೆಳಗಿನ ಜಾವ ಎದ್ದು ಹೊರಟೆ. ದಾರಿಯಲ್ಲಿ ಬ್ಯಾಗಿನಲ್ಲಿದ್ದ ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬಿಕೊಂಡಿತು. ನೋಡಿ ನಕ್ಕೆ. ಸ್ವಲ್ಪ ಹೊತ್ತಿಗೆ ನನ್ನ ತಲೆಯೂ ಹಾಗೇ ಆಯಿತು. ಕಣ್ಣಿನ ಹಿಂದೆ ಸುತ್ತಿಗೆ ಬಡಿತ. ಗಾಡಿಯಿಂದ ಇಳಿದು ಹತ್ತು ಹೆಜ್ಜೆ ಇಟ್ಟು ವಾಂತಿ ಮಾಡಿಕೊಂಡೆ. ಎತ್ತರದ ತೆಳು ಗಾಳಿಗೆ ಮೈ ಒಗ್ಗದಿದ್ದರೆ ಹೀಗಾಗುತ್ತದೆ, ಅಲ್ಲಿಯವರು ಇದನ್ನು 'ಪುನಾ' ಅಂತಾರೆ. ಗೈಡ್ ಒಂದು ಮಾತೂ ಬೈಯಲಿಲ್ಲ, ಸೀದಾ ಗಾಡಿ ತಿರುಗಿಸಿ ಕೆಳಗೆ ಕರೆತಂದ. ಇದಕ್ಕೆ ಇಳಿಯುವುದೇ ಮದ್ದು. ಕೋಕಾ ಎಲೆಯ ಚಹಾ ಕೊಟ್ಟರು, ಕುಡಿದೆ. ಹಿತವೇನೋ ಅನಿಸಿತು, ಆದರೆ ತಲೆನೋವು ಬಿಟ್ಟದ್ದು ಸಂಜೆಗೆ.

ಮೂರನೇ ದಿನ ಸುಮ್ನೆ ಬಿದ್ದುಕೊಂಡಿದ್ದೆ. ನೀರು ಕುಡಿಯೋದು, ತುಟಿಗೆ ವ್ಯಾಸಲೀನ್ ಹಚ್ಚೋದು, ಇಷ್ಟೇ ಕೆಲಸ. ಗಾಳಿ ಎಷ್ಟು ಒಣಗಿದೆಯೆಂದರೆ ಒಗೆದು ಹಾಕಿದ ಕಾಲುಚೀಲ ಕಾಫಿ ಮುಗಿಸುವಷ್ಟರಲ್ಲಿ ಗರಿಗರಿ. ಮೂಗಿನೊಳಗೆ ರಕ್ತದ ಹೆಕ್ಕಳೆ. ಉಣ್ಣೆಯ ಹೊದಿಕೆ ಎಳೆದರೆ ಕತ್ತಲಲ್ಲಿ ಚಟಚಟ ಕಿಡಿ.

ನಾಲ್ಕನೇ ದಿನ ಪುರಿತಾಮಾ ಬಿಸಿನೀರಿನ ಕೊಳಗಳಿಗೆ ಹೋದೆವು, ಸುಮಾರು 3,500 ಮೀಟರ್. ಎತ್ತರದ ಹುಲ್ಲಿನ ನಡುವೆ ಒಂದರ ಕೆಳಗೊಂದು ಕೊಳ. ಅಲ್ಲಿ ಏನೂ ಆಗಲಿಲ್ಲ ಅನ್ನುವ ಧೈರ್ಯದ ಮೇಲೆ ಕೊನೆಯ ಬೆಳಿಗ್ಗೆ ಮತ್ತೆ ತಾತಿಯೊ. ಈ ಸಲ ಮೆಲ್ಲಗೆ ನಡೆದೆ, ಅಜ್ಜನ ಹಾಗೆ. ಶೂ ಕೆಳಗೆ ನೆಲ ಹಿಮಗಟ್ಟಿ ಕರುಂ ಕರುಂ ಅನ್ನುತ್ತಿತ್ತು. ಒಂದು ಅಂಗೈ ಅಗಲದ ಗುಂಡಿ ಗೊಳಗೊಳ ಅನ್ನುತ್ತಾ ಕುದಿಯುತ್ತಿತ್ತು, ಅದರ ಅಂಚಿನಲ್ಲೇ ಮಂಜುಗಡ್ಡೆ. ಅಷ್ಟು ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಹಾಗಂತ ಬೆರಳಿಡಲು ಹೋಗಬೇಡಿ, ಸುಟ್ಟೇ ಸುಡುತ್ತದೆ. ಗುರುತಿನ ಕಲ್ಲುಗಳ ಆಚೆ ಕಾಲಿಡಲೂ ಬೇಡಿ, ನೆಲದ ಪದರ ತೆಳುವಾಗಿರುತ್ತದೆ. ವಾಪಸ್ ಬರುವಾಗ ವಿಕುನ್ಯಾಗಳ, ಅಂದರೆ ಒಂಟೆ ಕುಲದ ಸಣ್ಣ ಕಾಡುಪ್ರಾಣಿಗಳ, ಹಿಂಡು ರಸ್ತೆ ದಾಟಿತು.

ಇನ್ನೊಂದು ತಪ್ಪು ಬುಕಿಂಗ್ ಮಾಡುವಾಗಲೇ ಆಗಿತ್ತು. ಇಲ್ಲಿನ ಆಕಾಶಕ್ಕೋಸ್ಕರವೇ ಜಗತ್ತಿನ ವಿಜ್ಞಾನಿಗಳು ಬಂದು, ಹತ್ತಿರದ ಚಾಹ್ನಾಂತೋರ್ ಬಯಲಿನಲ್ಲಿ 66 ಆಂಟೆನಾಗಳ ಆಲ್ಮಾ ದೂರದರ್ಶಕ ಕಟ್ಟಿದ್ದಾರೆ. ನಾನು ದಿನಾಂಕ ಆರಿಸಿದ್ದು ವಿಮಾನದ ಟಿಕೆಟ್ ಅಗ್ಗ ಅಂತ. ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಯಾವತ್ತು ಅಂತ ನೋಡಲೇ ಇಲ್ಲ. ಐದೂ ರಾತ್ರಿ ಮರಳೆಲ್ಲ ಹಾಲು ಚೆಲ್ಲಿದ ಹಾಗೆ. ಅಂಗಳದಲ್ಲಿದ್ದ ಟೆಲಿಸ್ಕೋಪಿಗೆ ಕವರ್ ಹಾಕಿ ಕಟ್ಟಿಟ್ಟಿದ್ದರು.