ದೀಪಸ್ತಂಭದ ದ್ವೀಪದಲ್ಲಿ ಒಂದು ಬೇಸಗೆಯ ಉಸ್ತುವಾರಿ

ದೀಪಸ್ತಂಭದ ಉಸ್ತುವಾರಿಗೆ ಹೋಗಿದ್ದೆವು ಎಂದೊಡನೆ ಬಸವನಗುಡಿಯ ನಮ್ಮ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ, ಸಂಜೆ ದೀಪ ಹಚ್ಚುತ್ತಿದ್ದವರು ನೀವೋ ನಿಮ್ಮ ಯಜಮಾನರೋ ಎಂಬುದು. ಇಬ್ಬರೂ ಅಲ್ಲ. ಅಮೆರಿಕದ ಮೇಯ್ನ್ ರಾಜ್ಯದ ಕರಾವಳಿಯಲ್ಲಿರುವ ಸೀಗ್ವಿನ್ ದ್ವೀಪದ ದೀಪ 1985ರಲ್ಲಿಯೇ ಸ್ವಯಂಚಾಲಿತವಾಗಿದೆ. ದೀಪದ ಹೊಣೆ ಅಲ್ಲಿನ ಕೋಸ್ಟ್ ಗಾರ್ಡ್‌ನದು, ಅದರ ತಂತಿಯನ್ನಾಗಲಿ ಗುಂಡಿಯನ್ನಾಗಲಿ ನಾವು ಮುಟ್ಟುವಂತಿರಲಿಲ್ಲ. ನಮ್ಮ ಪಾಲಿಗೆ ಬಂದದ್ದು ಮನೆ, ಹುಲ್ಲು, ಕಾಲುದಾರಿ, ಮೆಟ್ಟಿಲು, ಮತ್ತು ದೋಣಿಯಲ್ಲಿ ಬಂದಿಳಿಯುವ ಜನ. ಉಸ್ತುವಾರಿ ಎಂಬುದು ಮುಖ್ಯವಾಗಿ ಮನೆವಾರ್ತೆಯ ಕೆಲಸ ಎಂಬುದು ಮೊದಲೇ ತಿಳಿದಿದ್ದರೆ ಅಲ್ಲಿಗೆ ಹೋಗುವವರು ಬೇಸರಪಡುವುದಿಲ್ಲ.

ಹೋದ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. ದ್ವೀಪವನ್ನು ಜೋಪಾನ ಮಾಡುತ್ತಿರುವುದು ಒಂದು ಸ್ವಯಂಸೇವಾ ಸಂಸ್ಥೆ. ಪ್ರತಿ ಬೇಸಗೆ ಅಲ್ಲಿ ಉಳಿಯಲು ಅದು ಉಸ್ತುವಾರಿಗಳನ್ನು ಆರಿಸುತ್ತದೆ. ಬಹಳ ವರ್ಷ ಅಲ್ಲಿಯೇ ನೌಕರಿ ಮಾಡಿ ಬೆಂಗಳೂರಿಗೆ ಮರಳಿದ ನಮಗೆ ಆ ದೇಶದ ಪೌರತ್ವ ಇದ್ದುದರಿಂದ ವೀಸಾದ ತೊಡಕು ಬರಲಿಲ್ಲ. ಸಂದರ್ಶನದಲ್ಲಿ ಅವರು ಹೆಚ್ಚಾಗಿ ಕೆದಕಿದ್ದು, ಗಂಡ ಹೆಂಡತಿ ಇಬ್ಬರೇ ತಿಂಗಳುಗಟ್ಟಲೆ ಇರಬಲ್ಲಿರಾ, ಬಂದವರೊಡನೆ ಮಾತನಾಡುವುದು ನಿಮಗೆ ಇಷ್ಟವೇ ಎಂಬುದನ್ನು. ನಾನು ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಮಾಡಿದವಳು ಎಂಬುದು ಎರಡನೆಯ ಪ್ರಶ್ನೆಗೆ ಉತ್ತರವಾಯಿತು. ಮೊದಲನೆಯದಕ್ಕೆ ನಮ್ಮ ಯಜಮಾನರು ಸುಮ್ಮನೆ ನಕ್ಕರು.

ಸೀಗ್ವಿನ್ ಇರುವುದು ಕೆನೆಬೆಕ್ ನದಿ ಸಮುದ್ರ ಸೇರುವ ಕಡೆ, ದಡದಿಂದ ಎರಡು ಮೂರು ಮೈಲಿ ಆಚೆ. ವಿಸ್ತೀರ್ಣ 64 ಎಕರೆ, ಅಂದರೆ ಲಾಲ್‌ಬಾಗಿನ ಕಾಲುಭಾಗಕ್ಕೆ ತುಸು ಹೆಚ್ಚು. ಇಲ್ಲಿ ಮೊದಲು ದೀಪಸ್ತಂಭ ಸ್ಥಾಪನೆಯಾದದ್ದು 1795ರಲ್ಲಿ, ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ. ಈಗಿರುವ ಕಲ್ಲಿನ ಗೋಪುರ 1857ರದು. ಗೋಪುರದ ಎತ್ತರ 53 ಅಡಿ ಮಾತ್ರ, ಆದರೆ ಅದು ಗುಡ್ಡದ ನೆತ್ತಿಯ ಮೇಲೆ ನಿಂತಿರುವುದರಿಂದ ದೀಪ ಸಮುದ್ರಮಟ್ಟದಿಂದ 180 ಅಡಿ ಮೇಲಿದೆ. ಹಡಗಿನವನಿಗೆ ಇದು ಬಹಳ ದೊಡ್ಡ ಅನುಕೂಲ. ಉಸ್ತುವಾರಿಗೆ ಇದರ ಅರ್ಥ ಬೇರೆ: ದೋಣಿ ನಿಲ್ಲುವ ಕೊಲ್ಲಿಯಿಂದ ಮನೆಯವರೆಗೆ ಪ್ರತಿಯೊಂದೂ ಏರು ಹತ್ತಿಯೇ ಬರಬೇಕು. ದೀಪರಕ್ಷಕರ ಕಾಲದಲ್ಲಿ ಸಾಮಾನು ಎಳೆಯಲು ಹಾಕಿದ ಸುಮಾರು ಸಾವಿರ ಅಡಿಯ ಹಳಿ ಅಲ್ಲಿದೆ, ಅದರ ಗಾಡಿಯಲ್ಲಿ ಮನುಷ್ಯರು ಕೂರುವಂತಿಲ್ಲ. ದಿನನಿತ್ಯದ ಸಣ್ಣಪುಟ್ಟ ಸರಕಿಗೆ ಬೆನ್ನೇ ಗಾಡಿ.

ಆದ್ದರಿಂದ ನಮ್ಮ ತಯಾರಿ ಬೆಂಗಳೂರಿನಲ್ಲಿಯೇ ನಡೆಯಿತು. ಅಪಾರ್ಟ್‌ಮೆಂಟಿನ ಲಿಫ್ಟ್ ಬಿಟ್ಟು, ಹತ್ತು ಕಿಲೋ ಅಕ್ಕಿಯ ಚೀಲವನ್ನು ಬೆನ್ನಿಗೆ ಹಾಕಿಕೊಂಡು ನಾಲ್ಕು ಮಹಡಿ ಹತ್ತಿಳಿಯುವುದು ನಿತ್ಯದ ಅಭ್ಯಾಸವಾಯಿತು. ಕೆಳಮನೆಯ ಶ್ಯಾಮಲಮ್ಮನವರು, “ಏನ್ರೀ ಇದು, ಅಕ್ಕೀನ ದಿನಾ ವಾಕಿಂಗ್ ಕರಕೊಂಡು ಹೋಗ್ತೀರಲ್ಲ?” ಎಂದು ತಮಾಷೆ ಮಾಡುತ್ತಿದ್ದರು. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಗಟ್ಟಿ ಅವಲಕ್ಕಿ, ಹುರಿದ ರವೆ, ಹುಣಸೆಹಣ್ಣು, ಇಂಗು ಇಷ್ಟನ್ನು ಗಾಂಧಿಬಜಾರಿನಿಂದ ಒಯ್ದೆವು. ನೀರಿನ ವಿಷಯದಲ್ಲಿ ಮಾತ್ರ ನಾವು ಹೊಸದಾಗಿ ಕಲಿಯಬೇಕಾದ್ದು ಏನೂ ಇರಲಿಲ್ಲ. ಸಂಪಿನ ಮುಚ್ಚಳ ತೆಗೆದು ಮಟ್ಟ ನೋಡಿದ ಮೇಲೆಯೇ ಬಟ್ಟೆ ನೆನೆಸುವುದು, ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುವುದು, ಬಕೆಟ್ಟು ಚೊಂಬಿನಲ್ಲಿ ಸ್ನಾನ ಮುಗಿಸುವುದು, ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಸಂಸಾರ ಮಾಡಿದವರಿಗೆ ಕೈವಶವಾಗಿರುವ ವಿದ್ಯೆ. ಉಪ್ಪುನೀರಿನ ನಡುವೆ ಸಿಹಿನೀರನ್ನು ಲೆಕ್ಕ ಹಾಕಿ ಬಳಸಿರಿ ಎಂದು ನಮಗೆ ಹೇಳಿಕೊಡಲು ಬಂದವರು, ನಮ್ಮ ಪಾತ್ರೆ ತೊಳೆಯುವ ಕ್ರಮ ನೋಡಿ ಆ ಪಾಠವನ್ನು ಅರ್ಧಕ್ಕೇ ನಿಲ್ಲಿಸಿದರು.

ಜೂನ್ ತಿಂಗಳಲ್ಲಿ ಅಲ್ಲಿ ಬೆಳಗಿನ ಐದು ಗಂಟೆಗೇ ಸೂರ್ಯ ಹುಟ್ಟುತ್ತಾನೆ, ರಾತ್ರಿ ಎಂಟೂವರೆಯ ಹತ್ತಿರ ಮುಳುಗುತ್ತಾನೆ. ಕಡಲಹಕ್ಕಿಗಳು ಅದಕ್ಕೂ ಮೊದಲೇ ಜಗಳ ಶುರುಮಾಡುವುದರಿಂದ ಗಡಿಯಾರದ ಅಗತ್ಯ ಬೀಳುವುದಿಲ್ಲ. ಕಾಫಿ ಕುಡಿಯುತ್ತಲೇ ಹವಾಮಾನದ ರೇಡಿಯೋ ಕೇಳಿ, ಗಾಳಿಯ ದಿಕ್ಕು, ಅಲೆಯ ಎತ್ತರ, ಮಂಜಿನ ಸಂಭವ, ಆ ದಿನದ ಉಬ್ಬರ ಇಳಿತಗಳ ವೇಳೆ ಇವಿಷ್ಟನ್ನು ದಿನಚರಿಯ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಒಂಬತ್ತು ಅಡಿಯ ವ್ಯತ್ಯಾಸವಿದೆ, ದಿನಕ್ಕೆ ಎರಡೆರಡು ಸಲ, ಪ್ರತಿ ದಿನವೂ ಹಿಂದಿನ ದಿನಕ್ಕಿಂತ ಐವತ್ತು ನಿಮಿಷದಷ್ಟು ತಡವಾಗಿ. ಬೆಳಿಗ್ಗೆ ದೋಣಿ ಸಲೀಸಾಗಿ ತಾಗಿದ ಜಾಗದಲ್ಲಿ ಮಧ್ಯಾಹ್ನ ಪಾಚಿ ಹಿಡಿದ ಬಂಡೆಗಳು ಹಲ್ಲು ಕಿರಿಯುತ್ತಿರುತ್ತವೆ. ಆ ಪಾಚಿಯ ಮೇಲೆ ಕಾಲಿಡುವಾಗ ಹಿಮ್ಮಡಿಯನ್ನು ಊರದೆ ಪಾದವನ್ನು ಪೂರ್ತಿ ಚಪ್ಪಟೆಯಾಗಿ ಇಟ್ಟು, ಎರಡನೆಯ ಕಾಲಿಗೆ ಭಾರ ಬಿಡುವ ಮುನ್ನ ಒಂದು ಕ್ಷಣ ತಡೆಯಬೇಕು; ಬಂದಿಳಿಯುವ ಹಿರಿಯರಿಗೆ ನಾವು ಮೊದಲು ಹೇಳಿಕೊಡುತ್ತಿದ್ದುದು ಇದನ್ನೇ.

ಇಬ್ಬನಿ ಆರಿದ ಮೇಲೆ ಹುಲ್ಲಿನ ಸರದಿ. ಉಸ್ತುವಾರಿಯ ಅರ್ಧ ಆಯಸ್ಸು ಹುಲ್ಲು ಕತ್ತರಿಸುವುದರಲ್ಲಿಯೇ ಹೋಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಮನೆಯ ಸುತ್ತ, ಗೋಪುರದ ಬುಡ, ಕೊಲ್ಲಿಯ ದಾರಿ, ಕಾಡಿನ ಕಾಲುದಾರಿ ಇವುಗಳ ಒಂದು ಸುತ್ತು ಮುಗಿಯುವ ಹೊತ್ತಿಗೆ ಮೊದಲಿನ ಜಾಗದಲ್ಲಿ ಹುಲ್ಲು ಮತ್ತೆ ಮೊಳಕಾಲಿಗೆ ಬಂದಿರುತ್ತದೆ. ಅದನ್ನು ನಮ್ಮ ಯಜಮಾನರು ಬಹಳ ಪ್ರೀತಿಯಿಂದ ಮಾಡಿದರು. ಜಯನಗರದ ಆಫೀಸಿನಲ್ಲಿ ಮೂರು ದಶಕ ಕಡತ ನೋಡಿದ್ದರೂ ಇಷ್ಟು ತೃಪ್ತಿ ಸಿಕ್ಕಿರಲಿಲ್ಲ ಎಂದು ಅವರ ಗೆಳೆಯರೊಬ್ಬರು ತಮ್ಮ ಕೈತೋಟದ ಬಗ್ಗೆ ಹೇಳುತ್ತಿದ್ದರಂತೆ; ಆ ಮಾತು ಈಗ ತಿಳಿಯಿತು ಎಂದರು. ಗೋಪುರದ ಒಳಗಿನ ಕಬ್ಬಿಣದ ಸುರುಳಿ ಮೆಟ್ಟಿಲನ್ನು ಗುಡಿಸುವುದು ನನ್ನ ಪಾಲು. ದೀಪದ ಕೋಣೆಯ ಕಿಟಕಿಯ ಅಂಚಿನಲ್ಲಿ ಪ್ರತಿದಿನ ಒಂದು ಹಿಡಿ ಸತ್ತ ನೊಣ ಬಿದ್ದಿರುತ್ತದೆ; ಪೊರಕೆ ಅಲ್ಲಿ ಆಡುವುದಿಲ್ಲ, ಬಣ್ಣ ಬಳಿಯುವ ಹಳೆಯ ಬ್ರಷ್ಷೇ ಸರಿ.

ಹತ್ತು ಗಂಟೆಯಿಂದ ಜನ ಬರತೊಡಗುತ್ತಾರೆ. ರಕ್ಷಕರ ಜೋಡಿಮನೆಯ ಒಂದು ಭಾಗದಲ್ಲಿ ವಸ್ತುಸಂಗ್ರಹಾಲಯವಿದೆ, ಇನ್ನೊಂದರಲ್ಲಿ ನಮ್ಮ ವಾಸ. ಬಂದವರಿಗೆ ಮೊದಲು ನೆರಳು ತೋರಿಸಿ ಕೂರಿಸಬೇಕು, ಏರು ಹತ್ತಿದ ಉಸಿರು ಹದಕ್ಕೆ ಬಂದ ಮೇಲೆಯೇ ಮಾತು. ಆಮೇಲೆ ಕೆಲವೇ ಜನರನ್ನು ಒಮ್ಮೆಗೆ ಗೋಪುರಕ್ಕೆ ಕರೆದೊಯ್ಯುತ್ತಿದ್ದೆ. ಅಲ್ಲಿ ನೋಡಬೇಕಾದ್ದು ಮೊದಲ ದರ್ಜೆಯ, ಅಂದರೆ ಬಹಳ ದೊಡ್ಡ ಗಾತ್ರದ, ಫ್ರೆನೆಲ್ ಮಸೂರ. ಇದು 1857ರಿಂದ ಅದೇ ಗೋಪುರದಲ್ಲಿದ್ದು ಇಂದಿಗೂ ಕೆಲಸ ಮಾಡುತ್ತಿದೆ. ಒಂಬತ್ತು ಅಡಿ ಎತ್ತರದ ಗಾಜಿನ ಈ ಗೂಡಿನೊಳಗೆ ಒಬ್ಬರು ಆರಾಮವಾಗಿ ನಿಲ್ಲಬಹುದು.

ಇದನ್ನು ಮಕ್ಕಳಿಗೆ ವಿವರಿಸುವಾಗ ನನ್ನೊಳಗಿನ ಮೇಡಂ ಎದ್ದು ನಿಲ್ಲುತ್ತಿದ್ದರು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ದೀಪದ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆ. ಆಕಾಶಕ್ಕೆ ಹೋದದ್ದೂ ನೆಲಕ್ಕೆ ಬಿದ್ದದ್ದೂ ನಾವಿಕನ ಪಾಲಿಗೆ ನಷ್ಟ. ಒಂದೇ ದಪ್ಪ ಮಸೂರದಿಂದ ಅದನ್ನು ಸರಿಪಡಿಸಲು ಹೋದರೆ ಗಾಜಿನ ತೂಕ ಹೊರಲಾರದಷ್ಟಾಗುತ್ತದೆ, ದಪ್ಪ ಗಾಜು ಬೆಳಕನ್ನೂ ನುಂಗುತ್ತದೆ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ಮಾಡಿದ್ದು, ಬೆಳಕನ್ನು ಬಾಗಿಸುವ ಮೇಲ್ಮೈಯನ್ನು ಉಳಿಸಿಕೊಂಡು ಅದರ ಹಿಂದಿನ ಅನವಶ್ಯಕ ಗಾಜನ್ನು ತೆಗೆದುಹಾಕಿದ್ದು. ನಡುವಿನ ಪಟ್ಟಿಗಳು ವಕ್ರೀಭವನದಿಂದ, ಅಂದರೆ ಬೆಳಕನ್ನು ಬಾಗಿಸಿ, ಮೇಲಿನ ಮತ್ತು ಕೆಳಗಿನ ಪಟ್ಟಕಗಳು (ಪ್ರಿಸಮ್‌ಗಳು) ಅದರ ಜೊತೆಗೆ ಪೂರ್ಣ ಆಂತರಿಕ ಪ್ರತಿಫಲನದಿಂದ, ಅಂದರೆ ಗಾಜಿನೊಳಗೇ ಕನ್ನಡಿಯಂತೆ ಹಿಂದಿರುಗಿಸಿ, ಬೆಳಕನ್ನು ಕ್ಷಿತಿಜದ ಮಟ್ಟಕ್ಕೆ ತಿರುಗಿಸುತ್ತವೆ. 180 ಅಡಿ ಎತ್ತರದಿಂದ ಕ್ಷಿತಿಜ ಸುಮಾರು 15 ನಾಟಿಕಲ್ ಮೈಲಿ ದೂರ. ಅದರಾಚೆಗೆ ಭೂಮಿಯೇ ಅಡ್ಡ ಬರುತ್ತದೆ ಎಂದು ಹೇಳಿದಾಗ ಮಕ್ಕಳಿಗಿಂತ ಅವರ ಅಪ್ಪಂದಿರು ಹೆಚ್ಚು ಬೆರಗಾಗುತ್ತಿದ್ದರು. ಸೀಗ್ವಿನ್ ದೀಪ ಸುತ್ತುವುದಿಲ್ಲ, ಮಿಣುಕುವುದೂ ಇಲ್ಲ, ನಿಶ್ಚಲವಾದ ಬಿಳಿ ಬೆಳಕು. ಸಿನಿಮಾದಲ್ಲಿ ಕಾಣುವಂತೆ ಬೀಸಿಬರುವ ಕೋಲುಬೆಳಕನ್ನು ನಿರೀಕ್ಷಿಸಿ ಬಂದವರಿಗೆ ತುಸು ನಿರಾಸೆಯಾಗುತ್ತಿತ್ತು. ಹಿಂದಿನ ರಕ್ಷಕರು ಹಗಲಿನಲ್ಲಿ ಇಂಥ ಕೋಣೆಗಳಿಗೆ ಪರದೆ ಕಟ್ಟುತ್ತಿದ್ದರು. ಇಲ್ಲದಿದ್ದರೆ ಅದೇ ಮಸೂರ ಬಿಸಿಲನ್ನು ಒಳಮುಖವಾಗಿ ಕೂಡಿಸಿ ಬೆಂಕಿ ಹೊತ್ತಿಸುವ ಅಪಾಯವಿತ್ತು. ಇಷ್ಟು ಹೇಳಿದ ಮೇಲೆ ಯಾವ ಮಗುವೂ ಮಸೂರಕ್ಕೆ ಕೈ ಚಾಚಲಿಲ್ಲ.

ದೊಡ್ಡವರು ಕೇಳುತ್ತಿದ್ದುದು ದೆವ್ವದ ಕಥೆಯನ್ನು. ರಕ್ಷಕನೊಬ್ಬನ ಹೆಂಡತಿ ಚಳಿಗಾಲವಿಡೀ ಪಿಯಾನೋದಲ್ಲಿ ಒಂದೇ ಧಾಟಿಯನ್ನು ನುಡಿಸಿ ನುಡಿಸಿ, ಕೊನೆಗೆ ಅವನು ಕೊಡಲಿ ಎತ್ತಿದನಂತೆ. ನಾನು ಅದನ್ನು ಕಟ್ಟುಕಥೆಯೆಂದೇ ಹೇಳುತ್ತಿದ್ದೆ. ರಾತ್ರಿ ಅದೇ ಮನೆಯಲ್ಲಿ ಮಲಗುವವಳಿಗೆ ಅದನ್ನು ರಂಜಿಸಿ ಹೇಳುವ ಉತ್ಸಾಹ ಇರುವುದಿಲ್ಲ.

ಮಂಜಿನ ದಿನಗಳ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಹೋಗುವ ಮುನ್ನ ನಮಗೆ ಯಾರೂ ಹೇಳಿರಲಿಲ್ಲ. ಸೀಗ್ವಿನ್ ಆ ದೇಶದಲ್ಲಿಯೇ ಬಹಳ ಮಂಜು ಕವಿಯುವ ದೀಪಸ್ತಂಭಗಳಲ್ಲಿ ಒಂದು. 1907ರಲ್ಲಿ 2,734 ಗಂಟೆ ಮಂಜಿತ್ತೆಂದು ದಾಖಲೆಯಿದೆ, ಅಂದರೆ ವರ್ಷದ ಮೂರರಲ್ಲೊಂದು ಭಾಗದ ಹತ್ತಿರ. ನೈಋತ್ಯದಿಂದ ಬರುವ ಬೆಚ್ಚನೆಯ ತೇವದ ಗಾಳಿ, ಬೇಸಗೆಯಲ್ಲೂ ತಣ್ಣಗಿರುವ ಆ ಸಮುದ್ರದ ಮೇಲೆ ಹಾದಾಗ ಅದರ ತೇವ ಹನಿಗಟ್ಟುತ್ತದೆ. ನಂದಿಬೆಟ್ಟದ ಬೆಳಗಿನ ಮಂಜು ಬಿಸಿಲೇರಿದಂತೆ ಕರಗುವುದನ್ನು ಕಂಡು ಬೆಳೆದ ನಾವು ಹನ್ನೊಂದು ಗಂಟೆಗೆ ತಿಳಿಯಾಗಬಹುದು ಎಂದು ಕಾಯುತ್ತಿದ್ದೆವು. ಅಲ್ಲಿನ ಮಂಜು ಗಾಳಿ ಬದಲಾದರೆ ಮಾತ್ರ ಹೋಗುತ್ತದೆ. ಕೆಲವು ಸಲ ಎರಡು ಮೂರು ದಿನ ಅಲ್ಲಾಡುವುದಿಲ್ಲ. ಅಂಥ ದಿನ ದೋಣಿ ಇಲ್ಲ, ಜನರಿಲ್ಲ, ತರಕಾರಿ ಇಲ್ಲ. ಒಗೆದ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿ ಗಟ್ಟಿಯಾಗುತ್ತದೆ, ಪುಸ್ತಕದ ಹಾಳೆ ಮೆತ್ತಗಾಗುತ್ತದೆ. ಮಂಜಿನಲ್ಲಿ ಹಡಗುಗಳನ್ನು ಎಚ್ಚರಿಸುವ ಕಹಳೆ ಬಿಟ್ಟು ಬಿಟ್ಟು ಮೊಳಗುತ್ತಿರುವಾಗ ಮಾತನಾಡುವವರು ತಮಗರಿವಿಲ್ಲದೆಯೇ ಅದರ ನಡುವಿನ ಬಿಡುವಿಗೆ ವಾಕ್ಯಗಳನ್ನು ಹೊಂದಿಸಿಕೊಳ್ಳುತ್ತಾರೆ. ನಾವು ಫೋನಿನಲ್ಲಿ ಹಾಗೆ ತಡೆದು ತಡೆದು ಮಾತನಾಡಿದ್ದನ್ನು ಕೇಳಿ ಬೆಂಗಳೂರಿನಲ್ಲಿದ್ದ ನನ್ನ ತಂಗಿ, “ಅಕ್ಕಾ, ಭಾವನ ಜೊತೆ ಜಗಳ ಆಡಿದೀಯ?” ಎಂದು ಕೇಳಿದಳು.

ಊಟದ ಮಾತು. ಸಾಮಾನಿನ ದೋಣಿ ಸಮುದ್ರ ಒಪ್ಪಿದರೆ ಮಾತ್ರ ಬರುವುದರಿಂದ, ಬರುವುದು ತಪ್ಪಿದರೂ ಒಂದು ವಾರ ನಡೆಯುವಷ್ಟು ಅಕ್ಕಿ, ಬೇಳೆ, ಈರುಳ್ಳಿ, ಆಲೂಗಡ್ಡೆ ಸದಾ ಬೇರೆಯಾಗಿ ಎತ್ತಿಡುತ್ತಿದ್ದೆವು. ಮೊಸರು ದೊಡ್ಡ ಸಮಸ್ಯೆಯಾಯಿತು. ಆ ತಂಪಿನಲ್ಲಿ ರಾತ್ರಿ ಹೆಪ್ಪು ಹಾಕಿದ ಹಾಲು ಮರುದಿನ ಮಧ್ಯಾಹ್ನವೂ ಹಾಲಾಗಿಯೇ ಇರುತ್ತಿತ್ತು. ಕೊನೆಗೆ, ಅನ್ನ ಬಸಿದ ಬಿಸಿ ಪಾತ್ರೆಯ ಪಕ್ಕದಲ್ಲಿ ಹಾಲಿನ ಪಾತ್ರೆಯಿಟ್ಟು, ಎರಡನ್ನೂ ಉಣ್ಣೆಯ ಕಂಬಳಿಯಲ್ಲಿ ಸುತ್ತಿ, ಹೆಪ್ಪನ್ನು ಎರಡು ಚಮಚಕ್ಕೆ ಏರಿಸಿದ ಮೇಲೆ ಗಟ್ಟಿ ಮೊಸರು ಸಿಕ್ಕಿತು. ಸುತ್ತಲಿನ ನೀರಿನಲ್ಲೆಲ್ಲ ಲಾಬ್‌ಸ್ಟರ್ ಬೋನುಗಳ ಬಣ್ಣಬಣ್ಣದ ತೇಲುಬುರುಡೆಗಳು. ಪ್ರತಿ ಮೀನುಗಾರನಿಗೂ ಅವನದೇ ಬಣ್ಣದ ಗುರುತು. ಅವರಲ್ಲೊಬ್ಬರು ಸ್ನೇಹದಿಂದ ನಾಲ್ಕು ಜೀವಂತ ಲಾಬ್‌ಸ್ಟರ್‌ಗಳನ್ನು ತಂದುಕೊಟ್ಟಾಗ, ನಾವು ಸಸ್ಯಾಹಾರಿಗಳು ಎಂದು ಹೇಳುವುದು ನಿಜಕ್ಕೂ ಸಂಕಟದ ಕೆಲಸವಾಯಿತು. ಬದಲಿಗೆ ಕೊಟ್ಟ ಚಿತ್ರಾನ್ನವನ್ನು ಅವರು ಡಬ್ಬಿ ಸಮೇತ ಒಯ್ದರು, ಮುಂದಿನ ಸಲ ಡಬ್ಬಿಯನ್ನು ಖಾಲಿಯಾಗಿ ಮುಂದೆ ಹಿಡಿದರು.

ಒಬ್ಬರ ಮುಖವನ್ನೇ ಒಬ್ಬರು ನೋಡುತ್ತ ಬೇಸರವಾಗಲಿಲ್ಲವೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಜನರಿಲ್ಲದ ದಿನ, ಒಬ್ಬರು ದ್ವೀಪದ ಉತ್ತರಕ್ಕೆ ಹೋದರೆ ಇನ್ನೊಬ್ಬರು ದಕ್ಷಿಣಕ್ಕೆ ಹೋಗುವುದು ಎಂದು ಮೊದಲ ವಾರದಲ್ಲಿಯೇ ನಿಯಮ ಮಾಡಿಕೊಂಡೆವು.

ಸೆಪ್ಟೆಂಬರ್ ಆರಂಭದಲ್ಲಿ ಬೇಸಗೆಯ ರಜೆ ಮುಗಿದೊಡನೆ ಮನೆ ಮುಚ್ಚುವ ಕೆಲಸ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರು ಕೊಳವೆಯನ್ನು ಸೀಳುವುದರಿಂದ ಎಲ್ಲ ಕೊಳವೆಗಳನ್ನೂ ಬರಿದುಮಾಡಬೇಕು. ಇಲಿಗಳಿಗೆ ಸಿಗದಂತೆ ಹಾಸಿಗೆಗಳನ್ನು ಎತ್ತಿ ಕಟ್ಟಬೇಕು. ಉಳಿದ ದಿನಸಿಯನ್ನು ತವರದ ಡಬ್ಬಿಗೆ ತುಂಬಬೇಕು, ಇಲ್ಲವೇ ಹೊತ್ತು ಇಳಿಸಬೇಕು. ದಿನಚರಿಯ ಪುಸ್ತಕದ ಕೊನೆಗೆ, ಮುಂದಿನ ವರ್ಷ ಬರುವವರಿಗಾಗಿ, ಯಾವ ಬಾಗಿಲನ್ನು ಎತ್ತಿ ಹಿಡಿದು ತಳ್ಳಬೇಕು, ಯಾವ ಹುಲ್ಲಿನ ಯಂತ್ರ ಮೂರನೆಯ ಎಳೆತಕ್ಕೆ ಶುರುವಾಗುತ್ತದೆ, ಕಾಲುದಾರಿಯಲ್ಲಿ ಯಾವ ಹಲಗೆ ಮೆತ್ತಗಾಗಿದೆ ಎಂಬುದನ್ನು ನಾನು ಎರಡು ಪುಟ ಬರೆದೆ. ಮೊಸರು ಹೆಪ್ಪು ಹಾಕುವ ಕ್ರಮವನ್ನೂ ಸೇರಿಸಿದೆ. ಅದು ಯಾರಿಗೆ ಬೇಕು ಎಂದು ಯಜಮಾನರು ಆಕ್ಷೇಪಿಸಿದರೂ ಹೊಡೆದುಹಾಕಲಿಲ್ಲ.